ಪಿಸುಮಾತಿನ ಜೀಪು

ಗಂಟಲಿನ ಆಪರೇಶನ್ ಆದಮೇಲೆ ನನ್ನ ಗಂಡನಿಗೆ ಉಳಿದದ್ದು ಪಿಸುಮಾತು ಮಾತ್ರ. ಗಡ್ಡೆ ಹೋಯಿತು, ಜೀವ ಉಳಿಯಿತು, ದನಿ ಮರಳಲಿಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅದೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ನಾಲ್ಕು ಜನ ಸೇರಿದಾಗ. ನಮ್ಮೂರು ಸೀಡರ್ ಪಾರ್ಕಿನಲ್ಲಿ ಹಬ್ಬದೂಟವೆಂದರೆ ಅಡುಗೆಮನೆಯಲ್ಲಿ ಮಿಕ್ಸಿ, ಹಾಲ್‌ನಲ್ಲಿ ಟಿವಿಯ ಕ್ರಿಕೆಟ್, ಮೆಟ್ಟಿಲ ಮೇಲೆ ಮಕ್ಕಳ ಕಿರುಚಾಟ. ಅದರ ನಡುವೆ ಪಿಸುಮಾತು ಯಾರ ಕಿವಿಗೆ ಬೀಳಬೇಕು? ಅವರನ್ನು ಕೇಳಬೇಕಾದ್ದನ್ನೆಲ್ಲ ಜನ ನನ್ನನ್ನೇ ಕೇಳತೊಡಗಿದರು. ನನ್ನ ಗಂಟಲೋ, ಪಕ್ಕದ ಬೀದಿಗೂ ಕೇಳುವಂಥದ್ದು. ಉತ್ತರವೂ ನನ್ನದೇ ಆಯಿತು. ಮೊದಲೆಲ್ಲ ಜೋಕು ಹೇಳಿ ಮನೆ ತುಂಬ ನಗಿಸುತ್ತಿದ್ದ ಮನುಷ್ಯ ತಟ್ಟೆ ಹಿಡಿದು ಗ್ಯಾರೇಜಿನಲ್ಲಿ ನಿಲ್ಲತೊಡಗಿದರು. ಆಮೇಲಾಮೇಲೆ "ನೀನು ಹೋಗ್ ಬಾ" ಅನ್ನತೊಡಗಿದರು. ಮನುಷ್ಯರ ಸಹವಾಸವನ್ನೇ ಬಿಟ್ಟುಬಿಡುತ್ತಾರೇನೋ ಎಂದು ನನಗೆ ನಿಜವಾಗಿ ಹೆದರಿಕೆಯಾಗಿತ್ತು.

ಆಫ್ರಿಕಾಕ್ಕೆ ಹೋಗೋಣ ಎಂದವರು ಕ್ಯಾರಲ್ಟನ್‌ನಲ್ಲಿರುವ ನಮ್ಮ ಸ್ನೇಹಿತರು, ಧಾರವಾಡದ ಗಂಡ ಹೆಂಡತಿ; ಆತನನ್ನು ನಾನು ಅಣ್ಣ ಅನ್ನುವುದು. ಅಲ್ಲಿ ಜನ ಕಡಿಮೆ ಎಂಬ ಒಂದೇ ಕಾರಣಕ್ಕೆ ನಮ್ಮ ಇವರು ಹೂಂ ಅಂದರು. ನನಗೆ ಸಿಟ್ಟೇ ಬಂತು. ಸಿಂಹ ಆದೀತು, ಸ್ನೇಹಿತರ ಮನೆ ಊಟ ಆಗದೆ?

ದಕ್ಷಿಣ ಆಫ್ರಿಕಾದ ಆ ಕಾಡಿನ ದಿನಚರಿ ಮಿಲಿಟರಿಯಂಥದ್ದು. ಬೆಳಕು ಹರಿಯುವ ಮುಂಚೆಯೇ ಟೆಂಟಿನ ಬಾಗಿಲಲ್ಲಿ ಟೀ ಫ್ಲಾಸ್ಕ್ ಬಂದಿರುತ್ತಿತ್ತು. ಕಂಬಳಿ ಹೊದ್ದು, ತೊಡೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ತೆರೆದ ಜೀಪು ಹತ್ತಬೇಕು. ಬಿಸಿಲೇರುವಾಗ ವಾಪಸ್, ತಿಂಡಿ, ನಿದ್ದೆ. ಊಟದ ಜಗಲಿಯ ಎದುರಿಗಿದ್ದ ಹೊಂಡಕ್ಕೆ ಆನೆಗಳು ಬಂದು ನೀರು ಕುಡಿದು ಹೋಗುತ್ತಿದ್ದವು. ಟೆಂಟುಗಳ ನಡುವಿನ ಹುಲ್ಲನ್ನು ಕೋರೆಹಂದಿಗಳು ಮುಂಗಾಲು ಮಡಿಸಿ, ನೆಲ ಒರೆಸುವವರ ಹಾಗೆ ಮಂಡಿಯ ಮೇಲೆ ಸರಿಯುತ್ತ ಮೇಯುತ್ತಿದ್ದವು. ಅಡುಗೆಯವಳು ನಮ್ಮ ಸ್ನೇಹಿತರ ಶೇಂಗಾ ಚಟ್ನಿಪುಡಿಯ ರುಚಿ ನೋಡಿ ಅರ್ಧ ಡಬ್ಬಿ ತನಗೇ ಇಟ್ಟುಕೊಂಡಳು. ಸಂಜೆ ಮತ್ತೆ ಜೀಪು.

ನಮ್ಮ ಗೈಡ್ ಒಬ್ಬ ಗಟ್ಟಿಗಿತ್ತಿ. ಜೀಪಿನಲ್ಲಿ ಎದ್ದು ನಿಲ್ಲಬಾರದು, ಪ್ರಾಣಿಯ ಹತ್ತಿರ ಪಿಸುಮಾತು ಬಿಟ್ಟು ಬೇರೆ ದನಿ ಕೂಡದು ಎಂದು ಮೊದಲೇ ಹೇಳಿದ್ದಳು. ಆದರೂ ಜಿರಾಫೆ ಕಂಡದ್ದೇ ನಾನು "ಅಯ್ಯಯ್ಯೋ ನೋಡ್ರೀ!" ಎಂದು ಕೂಗಿಬಿಟ್ಟೆ. ಜಿರಾಫೆ ಮರದೊಳಗಿಂದ ತಲೆ ಈಚೆ ತೆಗೆದು ನನ್ನನ್ನೊಮ್ಮೆ ನೋಡಿ ನಡೆದೇಬಿಟ್ಟಿತು. ಗೈಡ್ ತಿರುಗಿ ನೋಡಿದ ನೋಟಕ್ಕೆ ನನ್ನ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅಂದಿನಿಂದ ಜೀಪಿನಲ್ಲಿ ಎಲ್ಲರದೂ ಪಿಸುಮಾತೇ. ಧಾರವಾಡದ ಅಣ್ಣನಿಗಂತೂ ಅದು ಒಗ್ಗಲೇ ಇಲ್ಲ, ಕುಕ್ಕರ್ ಹಬೆ ಬಿಟ್ಟಂತೆ ಆಗುತ್ತಿತ್ತು. ಸಲೀಸಾಗಿ ಮಾತಾಡಬಲ್ಲವರು ನಮ್ಮಲ್ಲಿ ಒಬ್ಬರೇ.

ಒಂದು ಬೆಳಿಗ್ಗೆ ಇವರು ಗೈಡಿನ ಭುಜ ಮುಟ್ಟಿ ಜೀಪು ನಿಲ್ಲಿಸಿದರು. ಕಂಪ್ಯೂಟರ್ ಚಿಪ್ ಕಂಪನಿಯಲ್ಲಿ ನಕ್ಷೆಗಳೊಳಗಿನ ತಪ್ಪು ಹುಡುಕುವುದೇ ಇವರ ಕೆಲಸ. ಎಲೆಗಳ ನಡುವೆ ಎಲೆಯಲ್ಲದ್ದು ಇವರಿಗೆ ಕಂಡಿತ್ತು.

ಧಾರವಾಡದ ಅಣ್ಣ ನನ್ನ ಕಡೆ ತಿರುಗಲಿಲ್ಲ. ನೇರ ಇವರನ್ನೇ ಕೇಳಿದ: "ಅಣ್ಣಾರ, ಎಲ್ಲಿ ಅದರಿ? ನನಗ ಬರೇ ಎಲಿನ ಕಾಣ್ಲಿಕತ್ತಾವ."

"ಆ ಸೊಟ್ಟ ಕೊಂಬೆ ನೋಡಿ. ಕೆಳಗೆ ಬಾಲ ನೇತಾಡ್ತಿದೆ."

ಚಿರತೆ ಕೊಂಬೆಗೆ ಹೊಟ್ಟೆ ಆನಿಸಿ, ನಾಲ್ಕೂ ಕಾಲು ಇಳಿಬಿಟ್ಟು ಮಲಗಿತ್ತು. ನಾವು ಉಸಿರು ಬಿಗಿಹಿಡಿದು ನೋಡುತ್ತಿದ್ದಾಗ ಇವರು ಮೆಲ್ಲಗೆ ಅಂದರು: "ನಮ್ಮ ಹಳೇ ಮ್ಯಾನೇಜರ್ ಮೀಟಿಂಗಲ್ಲಿ ಥೇಟ್ ಹೀಗೇ."

ಅಣ್ಣ ನಗು ತಡೆಯಲು ಕಂಬಳಿಯನ್ನು ಬಾಯಿಗೆ ತುರುಕಿಕೊಂಡ. ಅವನ ಹೆಂಡತಿ ಸೀಟಿನ ಕೆಳಗೇ ಜಾರಿದಳು. ಸದ್ದಿಲ್ಲದ ನಗುವಿಗೆ ಇಡೀ ಜೀಪು ಅಲುಗಿತು. ಚಿರತೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ನನ್ನ ಕಣ್ಣಲ್ಲಿ ಮಾತ್ರ ನೀರು ನಿಲ್ಲಲಿಲ್ಲ. ಆ ಮನುಷ್ಯ ಜೋಕು ಹೇಳಿದ್ದನ್ನು ಕೇಳಿ ಎಷ್ಟು ಕಾಲವಾಗಿತ್ತು! ಆ ಚಿರತೆಗೆ, ಆ ಗಟ್ಟಿಗಿತ್ತಿಗೆ, ಬಾಯಿ ಮುಚ್ಚಿಸುವ ಆ ಕಾಡಿಗೆ ನಾನು ಋಣಿ.

ಮುಂದಿನ ದಿನಗಳಲ್ಲಿ ಇಬ್ಬರೂ ಗಂಡಸರು ಒಬ್ಬರ ಕಿವಿಗೆ ಒಬ್ಬರು ಬಾಯಿಟ್ಟು ಹರಟಿದ್ದೇ ಹರಟಿದ್ದು. ಆದರೂ ಊರಿಗೆ ಮರಳಿದ ಮೇಲೆ ಏನೋ ಎಂಬ ಅಳುಕು ನನ್ನನ್ನು ಬಿಟ್ಟಿರಲಿಲ್ಲ.

ಮರಳಿದ ಮೇಲೆ ಆ ಸ್ನೇಹಿತರು ಕ್ಯಾರಲ್ಟನ್‌ನ ತಮ್ಮ ಮನೆಗೆ ಊಟಕ್ಕೆ ಕರೆದರು. ಇವರು "ಬರ್ತೀನಿ" ಅಂದದ್ದೇ ನನಗೆ ಹೆಚ್ಚು. ಹ್ಯೂಸ್ಟನ್ನಿನಿಂದಲೂ ಜನ ಬಂದಿದ್ದರು, ಮನೆ ಗಿಜಿಗುಡುತ್ತಿತ್ತು. ಅಣ್ಣನ ಹೆಂಡತಿ ರೂಢಿಯಂತೆ ನನ್ನನ್ನೇ ಕರೆದಳು: "ವೈನಿ, ಆ ಚಿರತೀ ಕಥಿ ಹೇಳ್ರಿ ಎಲ್ಲಾರಿಗೂ."

ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿಯೇಬಿಟ್ಟಿದ್ದೆ. ಪಕ್ಕದಿಂದ ಕೈಯೊಂದು ಬಂದು ನನ್ನ ಮೊಣಕೈ ಹಿಡಿಯಿತು.

"ನೀನು ಸುಮ್ನಿರೇ. ನಾನು ಹೇಳ್ತೀನಿ."

ಅಣ್ಣ ಎದ್ದು ಟಿವಿ ಆರಿಸಿದ. ಒಬ್ಬೊಬ್ಬರಾಗಿ ಕುರ್ಚಿ ಎಳೆದುಕೊಂಡು ಇವರ ಹತ್ತಿರ ಬಂದರು. ಸುಮ್ಮನಿರು ಅನ್ನಿಸಿಕೊಂಡದ್ದಕ್ಕೆ ನಾನು ಜೀವನದಲ್ಲಿ ಮೊದಲ ಸಲ ದೇವರಿಗೆ ಕೈಮುಗಿದೆ.