ಅಕ್ಕ ಮಸೆದ ಮೂರು ರೆಕ್ಕೆ

ನಮ್ಮಕ್ಕ ಹಲ್ಲು ಮಾಡುತ್ತಾಳೆ. ಡಾಕ್ಟರಲ್ಲ, ಡಾಕ್ಟರು ಅಚ್ಚು ತೆಗೆದು ಕಳಿಸಿದ ಬಾಯಿಗಳಿಗೆ ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ ತಯಾರಿಸುವವಳು. ನಮ್ಮೂರಿನ ಅರ್ಧಕ್ಕರ್ಧ ಮುದುಕರು ಅಗಿಯುವುದೂ ಅವಳು ಮಾಡಿದ ಹಲ್ಲಿನಲ್ಲಿ, ಸೊಸೆಯರನ್ನು ಬೈಯುವುದೂ ಅದೇ ಹಲ್ಲಿನಲ್ಲಿ. ಅವಳ ಮೇಜಿನ ಮೇಲೆ ಒಂದು ಪುಟ್ಟ ಮೋಟಾರು, ಅದಕ್ಕೆ ಸಿಕ್ಕಿಸುವ ಉಜ್ಜುಗಲ್ಲುಗಳು, ಮೇಣ, ಬಿಳಿ ಪುಡಿ, ಸಾಲಾಗಿ ಕಿಸಿಯುತ್ತಿರುವ ದವಡೆಗಳು. ಒಳ್ಳೆಯ ಸೆಟ್ಟಿನಲ್ಲಿ ಎಲ್ಲಿಯೂ ಚೂಪು ಇರಬಾರದು. ನಾಲಿಗೆ ತಾಗುವ, ಒಸಡು ತಾಗುವ ಒಂದೊಂದು ಅಂಚನ್ನೂ ದುಂಡಗೆ, ನುಣ್ಣಗೆ ಮಾಡಬೇಕು. ಇದಕ್ಕೆಲ್ಲ ಹೊರತಾದದ್ದು ಅವಳ ಸ್ವಂತ ನಾಲಿಗೆಯೊಂದೇ. ನನಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಅವಳಿಗೆ ಇಡೀ ಮೂಗೇ ಕೋಪ.

ಭಾವ ಬಸ್ ಓಡಿಸುತ್ತಿದ್ದರು. ಭಾನುವಾರ ಬಂತೆಂದರೆ ಬಸ್ಸೂ ಬೇಡ, ಹೆಂಡತಿಯೂ ಬೇಡ, ದೋಣಿ. ಹತ್ತುವ ದೋಣಿಯಲ್ಲ, ತೋಳಲ್ಲಿ ಎತ್ತಿಕೊಂಡು ಹೋಗುವ, ರಿಮೋಟಿನಲ್ಲಿ ಓಡುವ ರೇಸಿನ ದೋಣಿ. ಊರಾಚೆ ಕಲ್ಲು ತೆಗೆದು ಬಿಟ್ಟ ಹೊಂಡವೊಂದು ನೀರು ತುಂಬಿ ನಿಂತಿದೆ. ಅದರ ದಡದಲ್ಲಿ ಮರದ ಅಟ್ಟಣಿಗೆ, ಅಟ್ಟಣಿಗೆಯ ಮೇಲೆ ಬಣ್ಣದಲ್ಲಿ ಬರೆದ ನಂಬರುಗಳು. ಒಂದೊಂದು ನಂಬರಿನ ಮೇಲೆ ಒಬ್ಬೊಬ್ಬ ಆಟಗಾರ ನಿಲ್ಲುತ್ತಾನೆ. ನಾಲ್ಕನೇ ನಂಬರು ಭಾವನದು. ಅಲ್ಲಿ ನಿಂತು ನಿಂತು ಆ ಬಣ್ಣ ಅವರ ಬೂಟಿನ ಅಳತೆಗೆ ಸವೆದಿತ್ತು.

ಈ ದೋಣಿಗೆ ಎರಡು ಕಾಲಿನ ಹಾಗೆ ಎರಡು ತೇಲುವ ಪಟ್ಟಿ, ನಡುವೆ ಸುರಂಗ. ಓಡುವಾಗ ಗಾಳಿ ಸುರಂಗದೊಳಗೆ ನುಗ್ಗಿ ದೋಣಿಯನ್ನು ಎತ್ತಿ ಹಿಡಿಯುತ್ತದೆ. ಪೂರ್ತಿ ವೇಗದಲ್ಲಿ ನೀರಿಗೆ ತಾಗುವುದು ಹೆಚ್ಚುಕಡಿಮೆ ಹಿಂದೆ ತಿರುಗುವ ರೆಕ್ಕೆಚಕ್ರ, ಪ್ರೊಪೆಲ್ಲರ್ ಒಂದೇ. ಹೆಬ್ಬೆಟ್ಟಿನಷ್ಟಿರುವ ಆ ಲೋಹದ ತುಂಡು ಹೇಗೆ ಹೇಳಿದರೆ ದೋಣಿ ಹಾಗೆ. ಅದಕ್ಕೇ ಈ ಜನ ಪ್ರೊಪೆಲ್ಲರನ್ನು ಕೊಂಡ ಹಾಗೇ ಹಾಕುವುದಿಲ್ಲ. ಉಜ್ಜುತ್ತಾರೆ, ಮಸೆಯುತ್ತಾರೆ, ಬಗ್ಗಿಸುತ್ತಾರೆ, ಆಮೇಲೆ ಜೀವದ ಗೆಳೆಯನಿಗೂ ತೋರಿಸದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಾರೆ.

ಹೀಗಿರುವಾಗ ಒಂದು ವರ್ಷ ಭಾವನಿಗೆ ಪಾರ್ಶ್ವವಾಯು ಹೊಡೆಯಿತು. ಕಾಲು ಹೇಗೋ ಚೇತರಿಸಿತು, ಮಾತು ನಿಧಾನವಾಗಿ ಬಂತು, ಬಲಗೈ ಬರಲಿಲ್ಲ. ಎಡಗೈಯೊಂದರಲ್ಲೇ ಹಿಡಿಯುವ ರಿಮೋಟ್ ತರಿಸಿಕೊಂಡರು: ತೋರುಬೆರಳಿಗೆ ವೇಗ, ಹೆಬ್ಬೆರಳಿಗೆ ದಿಕ್ಕು ತಿರುಗಿಸುವ ಚಕ್ರ. ತಿರುವು ಬಂದಾಗ ಬೇರೆಯವರು ಬೆರಳು ಸಡಿಲಿಸಿ ವೇಗ ಇಳಿಸುತ್ತಾರೆ. ಭಾವನಿಗೆ ಹೆಬ್ಬೆರಳು ಆಡಿಸಲು ಹೋದರೆ ತೋರುಬೆರಳೂ ಬಿಗಿಯುತ್ತಿತ್ತು. ಎಷ್ಟು ಅಭ್ಯಾಸ ಮಾಡಿದರೂ ಅಷ್ಟೇ. ಪೂರ್ತಿ ವೇಗದಲ್ಲಿ ತಿರುಗಿದ ದೋಣಿಯ ಪ್ರೊಪೆಲ್ಲರಿಗೆ ನೀರಿನ ಬದಲು ಗಾಳಿ ಸಿಕ್ಕಿ, ಹಿಂಭಾಗ ಜಾರಿ, ಮಗುಚುತ್ತಿತ್ತು. ಎರಡು ಸಲ ಹಾಗಾಯಿತು.

ಮೂರನೆಯ ವಾರ ದೋಣಿ ಕ್ಲಬ್ಬಿನ ಅಧ್ಯಕ್ಷರು ಮನೆಗೇ ಬಂದರು. ಚಪ್ಪಲಿ ಅಂಗಡಿಯವರು, ಬೆಣ್ಣೆಯಂಥ ಮಾತು. ಕೈಯಲ್ಲಿ ಕೋಲಿಗೆ ಸುತ್ತಿದ ಹಳದಿ ಬಾವುಟ.

"ಇನ್ನು ಈ ಟೆನ್ಷನ್ ಎಲ್ಲ ನಿಮಗ್ಯಾಕೆ ಸಾರ್? ದಡದಲ್ಲಿ ಕುರ್ಚಿ ಹಾಕ್ಕೊಂಡು ಹಾಯಾಗಿ ಕೂತ್ಕೊಳ್ಳಿ. ರೇಸ್ ಶುರುವಾಗ್ವಾಗ ಬಾವುಟ ಬೀಸಿ. ನಿಮ್ಮ ಗೌರವ ನಿಮಗಿದ್ದೇ ಇರುತ್ತೆ."

ಭಾವ ತಲೆಯಾಡಿಸಿ ಬಾವುಟ ತೆಗೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆ ಮನುಷ್ಯ ಕಾಯಿಲೆಯಲ್ಲೂ ಯಾರ ಮುಂದೆಯೂ ಹಾಗೆ ತಲೆಯಾಡಿಸಿದವರಲ್ಲ.

"ನಾಲ್ಕನೇ ನಂಬರು?" ಎಂದಳು ಅಕ್ಕ.

"ಹೊಸಬರು ಕಾಯ್ತಿದಾರಮ್ಮ."

"ಕಾಯ್ಲಿ. ನೀವು ಇನ್ನೊಂದು ರೇಸ್ ಕೊಡಿ."

ಅಧ್ಯಕ್ಷರು ಭಾವನ ಕೈ ನೋಡಿದರು, ಅಕ್ಕನ ಕಣ್ಣು ನೋಡಿದರು. ಕಣ್ಣಿಗೇ ಹೆದರಿರಬೇಕು. "ಆಗ್ಲಿ, ಮುಂದಿನ ತಿಂಗಳು. ಆದ್ರೆ ಮಗುಚಿತೋ, ರಿಮೋಟ್ ಕೆಳಗಿಟ್ಟು ಬಾವುಟ ಹಿಡೀಬೇಕು. ಮಾತು ಮಾತೇ," ಎಂದು ಎದ್ದರು.

ಅವರು ಮೆಟ್ಟಿಲಿಳಿಯುವ ಮೊದಲೇ ಅಕ್ಕ ಬಾವುಟವನ್ನು ಕೋಲಿನಿಂದ ಪರ್‍ರನೆ ಹರಿದು, ಎಣ್ಣೆ ಒರೆಸುವ ಬಟ್ಟೆಗಳ ಜೊತೆ ಹಾಕಿದಳು.

ಮರುದಿನ ಪ್ರೊಪೆಲ್ಲರಿನ ಡಬ್ಬಿ ಅಡುಗೆಮನೆಯ ಮೇಜಿಗೆ ಬಂತು. ಭಾವ ಗೆಲ್ಲುತ್ತಿದ್ದುದೆಲ್ಲ ಎರಡು ರೆಕ್ಕೆಯದರಲ್ಲಿ; ಅದಕ್ಕೆ ರಾಕ್ಷಸಿ ಎಂದು ಹೆಸರಿಟ್ಟಿದ್ದರು. ನೇರ ದಾರಿಯಲ್ಲಿ ಅದನ್ನು ಹಿಡಿಯುವವರಿಲ್ಲ, ತಿರುವಿನಲ್ಲಿ ಮಾತ್ರ ಕೈ ಸಡಿಲಿಸಲೇಬೇಕು. ತಳದಲ್ಲಿ ಮೂರು ರೆಕ್ಕೆಯದೊಂದು ಬಿದ್ದಿತ್ತು. ಒಂದು ರೆಕ್ಕೆ ನೀರಿನಿಂದ ಮೇಲೆದ್ದರೂ ಇನ್ನೊಂದು ಒಳಗಿರುತ್ತದೆ, ಹಾಗಾಗಿ ಹಿಡಿತ ಹೆಚ್ಚು, ಓಟ ಕಡಿಮೆ. ಅಕ್ಕ ಅದನ್ನು ಎತ್ತಿಕೊಂಡಳು.

"ಅದು ಬೇಡ," ಎಂದರು ಭಾವ. "ನನಗೆ ಊರುಗೋಲು ಬೇಡ ಕಣೇ."

"ಕೈಲಿರೋದೇನ್ರೀ ಮತ್ತೆ, ಕೊಳಲಾ?" ಎಂದು ಅಕ್ಕ ಅವರ ಊರುಗೋಲಿನತ್ತ ಗಲ್ಲ ಎತ್ತಿದಳು. "ಅದನ್ನ ಹಿಡ್ಕೊಂಡೇ ಅಲ್ವಾ ನಿನ್ನೆ ನನ್ನ ಮೇಲೆ ಜಗಳಕ್ಕೆ ಬಂದಿದ್ದು? ದೋಣಿಗೊಂದು ಇರ್ಲಿ ಬಿಡಿ."

ಮನೆಗೆ ಬಂದವರೆಲ್ಲ ಭಾವನ ಹತ್ತಿರ ಮಗುವನ್ನು ಮಾತಾಡಿಸಿದ ಹಾಗೆ ಮಾತಾಡುತ್ತಿದ್ದ ದಿನಗಳವು. ಟೈಲರ್ ಅಂಗಡಿ ಮುಚ್ಚಿ ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದ ನಾನೂ ಅದನ್ನೇ ಮಾಡುತ್ತಿದ್ದೆ. ಅಕ್ಕ ಮಾತ್ರ ಮೊದಲಿನಷ್ಟೇ ಕಚ್ಚುತ್ತಿದ್ದಳು. ಅವಳು ಕಚ್ಚಿದಾಗಲೇ ಭಾವನ ಮುಖಕ್ಕೆ ರಕ್ತ ಬರುತ್ತಿತ್ತು.

ಆ ಲೋಹದ ಪುಡಿ ಎದೆಗೆ ಹೋದರೆ ವಿಷ. ಅಕ್ಕ ಲ್ಯಾಬಿನ ಮುಖವಾಡ ಕಟ್ಟಿಕೊಂಡು, ಬೋಗುಣಿಯಲ್ಲಿ ನೀರಿಟ್ಟು, ಒದ್ದೆಯಲ್ಲೇ ಉಜ್ಜಿದಳು. ರೆಕ್ಕೆಗಳನ್ನು ತೆಳ್ಳಗೆ ಮಾಡಿದಳು. ಸ್ವೆಟರ್ ಹೆಣೆಯುವ ಕಡ್ಡಿಗೆ ಪ್ರೊಪೆಲ್ಲರ್ ಪೋಣಿಸಿ ಎರಡು ಕ್ಷೌರದ ಬ್ಲೇಡುಗಳ ಅಂಚಿನ ಮೇಲೆ ಇಟ್ಟಳು. ಭಾರದ ರೆಕ್ಕೆ ತಾನಾಗಿ ಕೆಳಗೆ ತಿರುಗುತ್ತದೆ, ಅದನ್ನಷ್ಟು ಉಜ್ಜುವುದು, ಮತ್ತೆ ಇಡುವುದು, ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವ ತನಕ. ಕೊನೆಗೆ ಕನ್ನಡಿಯಂತೆ ಹೊಳೆಯುವ ಹಾಗೆ ಪಾಲಿಶ್ ಮಾಡಿ ತಂದು ಗಂಡನ ಮುಂದಿಟ್ಟು, ಹೊಗಳಿಕೆಗೆ ಕಾದು ನಿಂತಳು.

ಹೊಂಡದಲ್ಲಿ ಬಿಟ್ಟು ನೋಡಿದರೆ ಎಂಜಿನ್ ಕಿರುಚಿದ್ದೇ ಬಂತು, ದೋಣಿ ಸೋಮಾರಿ ಎಮ್ಮೆಯ ಹಾಗೆ ತೆವಳಿತು. ಭಾವ ದೋಣಿ ಮೇಲೆತ್ತಿಸಿ ಪ್ರೊಪೆಲ್ಲರಿನ ಅಂಚಿನ ಮೇಲೆ ಬೆರಳಾಡಿಸಿದರು. ಇನ್ನೊಮ್ಮೆ ಆಡಿಸಿದರು. ಆಮೇಲೆ ಅವರ ಭುಜ ಕುಲುಕಲು ಶುರುವಾಯಿತು. ಅಳುತ್ತಿದ್ದಾರೆಂದು ನಾನು ಓಡಿದೆ. ನಗುತ್ತಿದ್ದರು! ಕಾಯಿಲೆ ಬಿದ್ದ ಮೇಲೆ ಅದೇ ಮೊದಲು.

"ಇದನ್ನ ಯಾವ ಮುದುಕನ ಬಾಯಿಗೆ ಹಾಕೋಕೆ ಮಾಡಿದೀಯೇ? ಅಂಚೆಲ್ಲಾ ದುಂಡಗೆ! ನೀರಿಗೆ ನೋವಾಗುತ್ತೆ ಅಂತಾನಾ?"

ವರ್ಷಗಟ್ಟಲೆ ಒಸಡು ಕಾಪಾಡಿದ ಕೈ ಕೇಳದೆಯೇ ತನ್ನ ಕೆಲಸ ಮಾಡಿಬಿಟ್ಟಿತ್ತು. ಪ್ರೊಪೆಲ್ಲರಿನ ಮುಂಭಾಗದ ಅಂಚು ಚಾಕುವಿನಷ್ಟು ಹರಿತವಿರಬೇಕು, ಇಲ್ಲದಿದ್ದರೆ ನೀರನ್ನು ಸೀಳುವುದಿಲ್ಲ, ಸುಮ್ಮನೆ ಕಲಕುತ್ತದೆ. ಅಕ್ಕ ಕೆಂಪಾದಳು. ತಪ್ಪು ಒಪ್ಪಿಕೊಳ್ಳುವ ಜಾತಿಯಲ್ಲ ಅವಳು. "ನಕ್ಕಿದ್ದು ಸಾಕು, ಹೇಗಿರಬೇಕು ಅಂತ ಹೇಳ್ರೀ," ಎಂದಳು.

ಅಲ್ಲಿಂದ ಇಬ್ಬರೂ ಒಂದೇ ಮೇಜಿಗೆ ಕೂತರು. ಭಾವ ಎಡಗೈ ಬೆರಳಲ್ಲಿ ತಡವಿ ಹೇಳುವುದು, ಅಕ್ಕ ಉಜ್ಜುವುದು, ನಡುವೆ ನಿಲ್ಲದ ಜಗಳ. ಹಿಂಭಾಗದ ಅಂಚನ್ನು ಒಂದು ಕೂದಲೆಳೆಯಷ್ಟು ಒಳಕ್ಕೆ ಬಗ್ಗಿಸಿದರೆ ತಿರುವಿನಲ್ಲಿ ನೀರು ಕೈಬಿಡುವುದಿಲ್ಲ. ಹೆಚ್ಚು ಬಗ್ಗಿದರೆ ದೋಣಿಯ ಮೂತಿ ಏಳುತ್ತದೆ, ಸುರಂಗಕ್ಕೆ ಗಾಳಿ ಹೊಕ್ಕು ಅಂಗಾತ ಬೀಳುತ್ತದೆ. ಅಕ್ಕನ ಬೆರಳುಗಳ ತುಂಬ ಗೀರು. ತಿಂಗಳು ತುಂಬುವ ಹೊತ್ತಿಗೆ ಭಾವ ವೇಗ ಇಳಿಸದೆ ತಿರುವು ದಾಟತೊಡಗಿದ್ದರು.

ರೇಸಿನ ದಿನ ಎದುರುಗಾಳಿ ಎದ್ದಿತು. ಅಕ್ಕ ಮೂರು ರೆಕ್ಕೆಯದನ್ನು ಹಳದಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನೀರಿನ ಮೇಲಿನ ಅಲೆ ನೋಡಿ ಅವಳ ಮುಖ ಬಾಡಿತು.

"ಮೂತಿ ಏಳುತ್ತೆ ರೀ. ಹಿಂದಿನ ಅಂಚಿನ ಬಾಗು ಚೂರು ಬಿಚ್ಚಿಬಿಡ್ಲಾ?"

"ಬಿಚ್ಚಿದ್ರೆ ತಿರುವಲ್ಲಿ ಜಾರುತ್ತೆ."

"ಬಿಚ್ಚದಿದ್ರೆ ಗಾಳಿಗೆ ಮಗುಚುತ್ತೆ. ಎಲ್ಲಿ ಮಗುಚಿದ್ರೂ ಜಾಗ ಹೋಯ್ತು ಅಂತಲೇ ಅಧ್ಯಕ್ಷರು ಹೇಳಿರೋದು!"

ಭಾವ ಊರುಗೋಲಿನಿಂದ ದೋಣಿಯತ್ತ ತೋರಿಸಿದರು. "ತಿರುವಲ್ಲಿ ಬಿದ್ರೆ ನನ್ನ ಕೈ ಬಿತ್ತು ಅಂತಾರೆ. ಗಾಳಿಗೆ ಎಲ್ಲರ ದೋಣಿನೂ ಬೀಳುತ್ತೆ. ನನಗೂ ಎಲ್ಲರ ಹಾಗೆ ಬೀಳೋ ಹಕ್ಕಿದೆ ಕಣೇ. ಹಾಗೇ ಹಾಕು."

ಅಕ್ಕ ಮರುಮಾತಾಡದೆ ಸ್ಕ್ರೂ ಬಿಗಿದಳು. ಅವಳು ಮರುಮಾತಾಡದೆ ಇದ್ದದ್ದನ್ನು ನಾನು ಜನ್ಮದಲ್ಲಿ ಕಂಡದ್ದು ಅದೊಂದೇ ಸಲ.

ಭಾವ ಊರುಗೋಲು ಅಕ್ಕನಿಗೆ ಕೊಟ್ಟು, ಅಟ್ಟಣಿಗೆಯ ಕಂಬಕ್ಕೆ ಸೊಂಟ ಆನಿಸಿ ನಾಲ್ಕನೇ ನಂಬರಿನ ಮೇಲೆ ನಿಂತರು. ದೋಣಿಗಳು ಹೊರಟವು. ಮೊದಲ ತಿರುವಿನಲ್ಲಿ ಎಲ್ಲ ಎಂಜಿನ್‌ಗಳ ಸದ್ದು ತಗ್ಗಿತು, ಭಾವನದು ತಗ್ಗಲಿಲ್ಲ. ದೋಣಿ ನೀರನ್ನು ಕಚ್ಚಿ ಹಿಡಿದು ತಿರುಗಿತು. ನೇರ ದಾರಿಯಲ್ಲಿ ಮುಂದೆ ಹೋದವರನ್ನು ತಿರುವು ತಿರುವಿಗೂ ಅವರು ಹಿಡಿದರು. "ಹಿಡ್ಕೋ, ಹಿಡ್ಕೋ!" ಎಂದು ಅಕ್ಕ ಪ್ರೊಪೆಲ್ಲರಿಗೇ ಕೂಗುತ್ತಿದ್ದಳು. ನನಗೆ ಅಳು ನುಗ್ಗಿ ಬಂತು, ಅಳುತ್ತಲೇ ನಾನೂ ಕೂಗಿದೆ.

ಮುಂದಿದ್ದ ಅಧ್ಯಕ್ಷರ ಕೆಂಪು ದೋಣಿ ಗಾಳಿಗೆ ಮೂತಿ ಎತ್ತಿ ಅಂಗಾತ ಬಿತ್ತು. ಅದರ ಹಿಂದೆ ಇನ್ನೊಂದು. ಕೊನೆಯ ಸುತ್ತಿನಲ್ಲಿ ಭಾವ ಎರಡನೆಯವರಾಗಿದ್ದರು. ಅಷ್ಟರಲ್ಲಿ ನೇರ ದಾರಿಯ ನಡುವೆಯೇ ಅವರ ದೋಣಿಯ ಮೂತಿಯೂ ಎದ್ದಿತು, ಗಾಳಿಯಲ್ಲೊಂದು ಪಲ್ಟಿ ಹೊಡೆದು ಬೆನ್ನಡಿಯಾಗಿ ನೀರಿಗೆ ಬಿತ್ತು.

ಅಧ್ಯಕ್ಷರು ಮೆಲ್ಲಗೆ ಬಂದರು. "ಬೇಜಾರು ಮಾಡ್ಕೋಬೇಡಿ ಸಾರ್. ಮಾತು ಮಾತೇ ಅಲ್ವಾ? ಮಗುಚಿದವರು ಬಾವುಟ ಹಿಡೀಬೇಕು."

"ಹೌದು," ಎಂದರು ಭಾವ. ಒಂದೊಂದೇ ಪದ ಬಿಡಿಸಿ ಹೇಳಿದರು. "ಮೊದಲು ಮಗುಚಿದ್ದು ನಿಮ್ಮದು. ನೀವು ಮೊದಲು ಹಿಡೀರಿ."

"ನಂದು ಗಾಳಿಗೆ ಬಿದ್ದಿದ್ದು ಸಾರ್!"

"ನಂದೂ ಗಾಳಿಗೇ. ತಿರುವಲ್ಲಿ ಒಂದ್ಸಲ ಜಾರಿತಾ? ನೀವೇ ಹೇಳಿ."

ಅಧ್ಯಕ್ಷರು ಸುತ್ತ ನಿಂತವರ ಮುಖ ನೋಡಿದರು. ಜಾರಿರಲಿಲ್ಲ, ಅದನ್ನು ಎಲ್ಲರೂ ನೋಡಿದ್ದರು.

"ಬಿದ್ದವರಿಗೆಲ್ಲ ಬಾವುಟ ಸಾಲದಿದ್ರೆ ನಮ್ಮ ನಾದಿನಿ ಹೊಲಿದು ಕೊಡ್ತಾಳೆ," ಎಂದರು ಭಾವ, ನನ್ನತ್ತ ಗಲ್ಲ ಎತ್ತಿ. "ನೀವು ಕೊಟ್ಟಿದ್ದು ಒರೆಸೋ ಬಟ್ಟೆಯಾಗಿದೆ."

ಅಧ್ಯಕ್ಷರ ಕಣ್ಣು ಅಕ್ಕನ ಕೈಯಲ್ಲಿದ್ದ ಎಣ್ಣೆ ಮೆತ್ತಿದ ಹಳದಿ ಬಟ್ಟೆಯ ಮೇಲೆ ಬಿತ್ತು. ಅವರು ಕೆಂಪಾದರು, ತಮ್ಮ ಕೆಂಪು ದೋಣಿಯ ಕಡೆ ತಿರುಗಿ ನೋಡಿದರು, ಅಟ್ಟಣಿಗೆಯ ತುದಿಗೆ ಹೋದರು.

ಮುಂದಿನ ರೇಸಿಗೆ ಆಟಗಾರರ ನಂಬರು ಕೂಗಲು ಶುರುಮಾಡಿದರು. ಒಂದು. ಎರಡು. ಮೂರು. ಅಕ್ಕ ನನ್ನ ಮಣಿಕಟ್ಟು ಹಿಡಿದಳು, ಅವಳ ಉಗುರು ನನ್ನ ಚರ್ಮದೊಳಗೇ ಇಳಿಯಿತು.

"ನಾಲ್ಕು," ಎಂದರು ಅಧ್ಯಕ್ಷರು.

ಅಕ್ಕ ನನ್ನ ಕೈ ಬಿಟ್ಟು ದಡಕ್ಕೆ ತಂದಿಟ್ಟ ದೋಣಿಯ ಮುಂದೆ ಮೊಣಕಾಲೂರಿದಳು. ಪ್ರೊಪೆಲ್ಲರನ್ನು ಬಾವುಟದಿಂದ ಒರೆಸಿ, ಅಂಚು ಇನ್ನೂ ಹರಿತವಿದೆಯೇ ಎಂದು ಹೆಬ್ಬೆರಳು ಎಳೆದು ನೋಡಿದಳು. ಒಂದು ಹನಿ ರಕ್ತ ಬಂತು.

"ಸರಿಯಾಗಿದೆ ಕಣ್ರೀ," ಎಂದಳು. "ನಡೀರಿ."