ಕೊಬ್ಬರಿ ಅಟ್ಟದ ನೇರಳೆ ವೈನ್

ಅಟ್ಟದ ಏಣಿ ಬಿದಿರಿನದೋ ಕಬ್ಬಿಣದ್ದೋ, ವಾಪಸ್ ಬಸ್ಸು ಹತ್ತುವಷ್ಟರಲ್ಲೇ ನನಗೆ ಅನುಮಾನ ಶುರುವಾಗಿದೆ. ಕೇಳಿದ ಮಾತುಗಳನ್ನೂ ನಾನೇ ತಿದ್ದಿಕೊಳ್ಳುತ್ತಿರಬಹುದು.

ತುರುವೇಕೆರೆಯ ಶಶಿಕಲಾ ವರ್ಷಗಟ್ಟಲೆ ನಾಸಿಕ್‌ನಲ್ಲಿ ವೈನ್ ತಯಾರಿಸಿ ಬಂದವರು. "ಅಲ್ಲಿ ಎಲ್ಲಾ ಫ್ರಾನ್ಸ್ ಥರಾನೇ ಇರ್ಬೇಕು ಅನ್ನೋರು. ನಂದು ಕುಡುದ್ರೆ ನಮ್ಮೂರು ಗೊತ್ತಾಗ್ಬೇಕು ಕಣ್ರೀ" ಎಂದು, ನೋಡಲು ಹೋಗಿದ್ದ ನನಗೆ ಹೇಳಿದರು. ಅದಕ್ಕೇ ಊರಿನ ನೇರಳೆಹಣ್ಣಿನ ವೈನನ್ನು ಮಾವನವರ ಅಟ್ಟದ ಅರ್ಧ ಜಾಗದಲ್ಲಿ, ಕೊಬ್ಬರಿಗೆಂದು ಒಣಗುವ ಕಾಯಿಗಳ ಪಕ್ಕದಲ್ಲೇ ಒಂದು ವರ್ಷ ಇಟ್ಟಿದ್ದರು. ಆ ಜಾಗ ಮುಂದೆಯೂ ಅವರಿಗೆ ಉಂಟೋ ಇಲ್ಲವೋ ಎಂಬುದನ್ನು ಮಾವ ಇವತ್ತು ಹೇಳಬೇಕಿತ್ತು.

ಕೊಬ್ಬರಿ ವ್ಯಾಪಾರಿಯಾದ ಮಾವ ಕುಡಿಯುವವರಲ್ಲ. ಸೊಸೆ ಅಟ್ಟದಿಂದ ಇಳಿಸಿಕೊಟ್ಟ ಬಾಟಲಿಯನ್ನು, ಕೊಬ್ಬರಿ ಆಗಿದೆಯೇ ಎಂದು ಒಣಗಿದ ಕಾಯಿಯ ಸದ್ದು ಕೇಳುವಂತೆ ಕಿವಿಯ ಬಳಿ ಹಿಡಿದು ಜೋರಾಗಿ ಅಲ್ಲಾಡಿಸಿಬಿಟ್ಟರು.

"ಅಯ್ಯೋ ಮಾವ, ಬುಡಿ! ತಳದ ಗಸಿಯೆಲ್ಲಾ ಮೇಲಕ್ ಬಂತು!"

"ಆಗೈತಾ ಅಂತ ನೋಡ್ದೆ ಕಣಮ್ಮ."

ವರ್ಷವಿಡೀ ತಿಳಿಯಾಗಿದ್ದದ್ದು ಕದಡಿಹೋಯಿತು. ಶಶಿಕಲಾ ಸಿಟ್ಟಿನಲ್ಲೇ ಬಿರಡೆ ಕಿತ್ತು ಬಾಟಲಿಯನ್ನು ಮಾವನ ಮೂಗಿನ ಹತ್ತಿರ ಹಿಡಿದರು. ಅವರು ಮೂಸಿದರು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದರು.

"ಇದು ನಮ್ ಅಟ್ಟ ಕಣಮ್ಮ! ಕೊಬ್ಬರಿ ಸುಲಿಯೋ ದಿನ ಹಿಂಗೇ ಘಮ್ ಅಂತದೆ. ಮಿಕ್ಕಿದ್ ಅರ್ಧಾನೂ ನೀನೇ ಇಟ್ಕೋ."

"ಕೇಳ್ಸ್ಕೊಂಡ್ರಾ? ಕುಡೀದೆ ಇರೋರಿಗೂ ಗೊತ್ತಾಯ್ತು!" ಎಂದು ಶಶಿಕಲಾ ಬೀದಿಗೆಲ್ಲ ಕೇಳುವಂತೆ ಕೂಗಿ, ನನ್ನ ಬೆನ್ನಿಗೊಂದು ಗುದ್ದಿದರು.

ಕದಡಿದ್ದನ್ನು ಅತಿಥಿಗೆ ಕೊಡಲು ಮಾತ್ರ ಅವರು ಒಪ್ಪಲಿಲ್ಲ. ಆ ವೈನಿನ ರುಚಿ ಹೇಗಿದೆಯೋ, ನನಗೆ ಗೊತ್ತಿಲ್ಲ.