ಪಿಳ್ಳಪ್ಪ ಮಾವನ ಒರಿಜಿನಲ್ ರಸೀದಿ

ಪಕ್ಕದ ಮನೆಯ ಪಿಳ್ಳಪ್ಪ ಮಾವನ ಕಂಪ್ಯೂಟರಿನಿಂದ ನನ್ನ ಭಾನುವಾರಗಳೆಲ್ಲ ಹಾಳಾಗಿವೆ. ರಾಬರ್ಟ್‌ಸನ್‌ಪೇಟೆಯಲ್ಲಿ ಅದರ ಒಳಗಿನ ಬೋರ್ಡ್ ಬದಲಾಯಿಸಿ ತಂದಾಗಿನಿಂದ ‘ನಿಮ್ಮ ಲೈಸೆನ್ಸ್ ಒರಿಜಿನಲ್ ಅಲ್ಲ’ ಎಂದು ಪರದೆ ಕಪ್ಪಗೆ ಮಾಡಿಕೊಂಡು ಕೂತಿದೆ. ಯಾರಿಗೆ ಹೇಳುತ್ತಿದೆ ಈ ಮಾತನ್ನು? ಕಾರ್ಖಾನೆಯ ಗೇಟಿನಲ್ಲಿ ಮೂವತ್ತು ವರ್ಷ ಎಲ್ಲರ ಪಾಸು ನೋಡಿ ಒಳಗೆ ಬಿಟ್ಟ ಮನುಷ್ಯನಿಗೆ, ಸಾಫ್ಟ್‌ವೇರಿನ ರಸೀದಿಗೂ ಲ್ಯಾಮಿನೇಷನ್ ಮಾಡಿಸಿಟ್ಟವರಿಗೆ! ಆ ರಸೀದಿಯಲ್ಲಿರುವ ಇಪ್ಪತ್ತೈದು ಅಕ್ಷರಗಳ ಕೀಯನ್ನು ಇವರು ಓದಬೇಕು, ನಾನು ಒತ್ತಬೇಕು. “ಬಿ ಅಂದ್ರೆ ಬಂಗಾರಪೇಟೆ, ಸಿ ಅಂದ್ರೆ ಕೋರಮಂಡಲ್, ಎಂ ಅಂದ್ರೆ ಮಾರಿಕುಪ್ಪಂ.” ಮಾರಿಕುಪ್ಪಂ ರೈಲಾದರೂ ಇದಕ್ಕಿಂತ ಬೇಗ ಹೋಗುತ್ತದೆ. ಕೊನೆಗೆ ಅದು ಆಗುವುದಿಲ್ಲ ಎನ್ನುತ್ತದೆ, ನಾನು ಮೇಜು ಗುದ್ದುತ್ತೇನೆ. ಮಾವ ಮಾತ್ರ ಕತ್ತಿನ ಗುಂಡಿಯವರೆಗೂ ಅಂಗಿ ಹಾಕಿಕೊಂಡು ನೆಟ್ಟಗೆ ಕೂತು, ರಸೀದಿಯನ್ನು ಪರದೆಯ ಮುಂದೆ ಹಿಡಿದು, “ಬಯ್ಬೇಡ ಕಣ್ಲಾ, ಅದ್ರ ಡ್ಯೂಟಿ ಅದು ಮಾಡ್ತೈತೆ” ಎನ್ನುತ್ತಾರೆ. ಮೊನ್ನೆ ನನ್ನ ತಾಳ್ಮೆ ಕೆಟ್ಟಿತು. “ಊರೆಲ್ಲ ಡೂಪ್ಲಿಕೇಟ್ ಹಾಕ್ಕೊಂಡು ನೆಮ್ಮದಿಯಾಗೈತೆ ಮಾವ, ನಿಮ್ಗೂ ಒಂದು ಹಾಕ್ಬಿಡ್ತೀನಿ” ಎಂದೆ. ಅವರು ರಸೀದಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ನಿಮ್ಮಪ್ಪ ದಿನಾ ನನ್ ಜೊತೇಲೇ ಕೂತು ಉಣ್ತಿದ್ದೋನು. ನೀನು ಉಟ್ಟಿದ್ ದಿನ ಆಸ್ಪತ್ರೆಯಿಂದ ಸೀದಾ ಡ್ಯೂಟಿಗೆ ಅಂತ ಗೇಟಿಗೆ ಓಡಿ ಬಂದ. ಪಾಸು ಮನೇಲಿ ಬಿಟ್ಟಿದ್ದ. ವಾಪಸ್ ಕಳಿಸ್ದೆ ಕಣ್ಲಾ. ಅವನು ಬಯ್ಯಲಿಲ್ಲ, ಮನೆಗೋಗಿ ಪಾಸು ತಂದ. ಈಗ ನಾನು ಗೋಡೆ ಎಗರ್ಲಾ?”